ಐದನೆಯ ಪುಟದ ಒಂದು ಸಾಲು

ಹಾವೇರಿ ಬಸ್ ನಿಲ್ದಾಣದ ಕಂಪೌಂಡಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ತನ್ನದೇ ಮುಖ ನಗುತ್ತಿದೆ ಎನ್ನುವುದು ಮಹೇಶ್ವರಿಗೆ ಎಂಟು ದಿನದಿಂದ ಗೊತ್ತಿತ್ತು. ಎಂಟು ದಿನವೂ ಅವಳು ಅಗಡಿಯ ಬಸ್ಸಿಳಿದು ಬ್ಯಾಡಗಿಯ ಬಸ್ಸಿಗೆ ಕಾಯುವಾಗ ಆ ಕಡೆ ಬೆನ್ನು ಮಾಡಿಯೇ ನಿಂತಿದ್ದಳು. ಇವತ್ತು ಮಾತ್ರ, ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ, ಹಾಳಾದ ಕಣ್ಣು ತಾನಾಗಿ ಅತ್ತ ಹೊರಳಿತು. ‘ಎಂಬಿಎ ಮಾರ್ಕೆಟಿಂಗ್: ಅವಕಾಶಗಳ ಹೆಬ್ಬಾಗಿಲು’ ಎಂದು ಮೇಲೆ ದಪ್ಪ ಅಕ್ಷರ, ಕೆಳಗೆ ಸಾಲಾಗಿ ಐದು ಫೋಟೊ, ಮೂರನೆಯದು ಅವಳದು. ಹಾಲ್‌ಟಿಕೆಟ್ಟಿಗೆಂದು ತೆಗೆಸಿದ್ದ ಪುಟ್ಟ ಫೋಟೊವನ್ನು ಹಿಗ್ಗಿಸಿದ್ದರಿಂದ ಕೆನ್ನೆ ಊದಿಕೊಂಡು, ಹಲ್ಲುನೋವಿನವಳ ಹಾಗೆ ಕಾಣುತ್ತಿದ್ದಳು. ಅದರ ಕೆಳಗೆ ‘ಮಾರ್ಕೆಟಿಂಗ್ ಮ್ಯಾನೇಜರ್, ಬ್ಯಾಡಗಿ’ ಎಂದಿತ್ತು. ಅವಳು ಮ್ಯಾನೇಜರ್ ಅಲ್ಲ. ಆರು ತಿಂಗಳ ಟ್ರೇನಿ. ಆ ಆರು ತಿಂಗಳೂ ಇದೇ ವಾರ ಮುಗಿಯುವುದಿತ್ತು. ಕಾಲೇಜಿನ ಮೇಷ್ಟ್ರು ಫೋನ್ ಮಾಡಿ ‘ಪೋಸ್ಟ್ ಏನವಾ ನಿಂದು?’ ಎಂದು ಕೇಳಿದಾಗ ‘ಮಾರ್ಕೆಟಿಂಗ್ ನೋಡ್ಕೋತೀನ್ರಿ ಸರ್’ ಎಂದಿದ್ದಳು. ಅದು ಸುಳ್ಳಲ್ಲ. ಅವರು ಅದನ್ನು ಮ್ಯಾನೇಜರ್ ಮಾಡಿ ಅಚ್ಚು ಹಾಕಿಸಿದರು, ಇವಳು ತಿದ್ದಲಿಲ್ಲ. ತಿದ್ದದೇ ಇದ್ದದ್ದು ಸುಳ್ಳು ಹೇಳಿದ ಹಾಗೋ ಅಲ್ಲವೋ ಎಂದು ಎಂಟು ದಿನದಿಂದ ತನ್ನೊಳಗೇ ವಾದ ಮಾಡುತ್ತಿದ್ದಳು, ದಿನಾ ಸೋಲುತ್ತಿದ್ದಳು.

ಬಸ್ಸು ಬಂತು. ಕಿಟಕಿಯ ಸೀಟೂ ಸಿಕ್ಕಿತು. ತೊಡೆಯ ಮೇಲಿನ ಲ್ಯಾಪ್‌ಟಾಪು ಕಂಪನಿಯದು, ಅದರೊಳಗಿನ ಹನ್ನೊಂದು ಪುಟದ ಪ್ಲಾನು ಅವಳದು. ಹನ್ನೊಂದು ಗಂಟೆಗೆ ಕಂಪನಿಯ ಮಾಲೀಕ ಹೇಮಪ್ಪ ಸಾವಕಾರರ ಮುಂದೆ ಅದನ್ನು ತೋರಿಸಬೇಕು. ಒಪ್ಪಿದರೆ ನೌಕರಿ ಕಾಯಂ. ಒಪ್ಪದಿದ್ದರೆ ಶನಿವಾರಕ್ಕೆ ಮನೆ. ಹತ್ತು ಪುಟದ ಬಗ್ಗೆ ಅವಳಿಗೆ ಹೆದರಿಕೆ ಇರಲಿಲ್ಲ. ಐದನೆಯ ಪುಟದ ಕೊನೆಯಲ್ಲಿ ಒಂದು ಸಾಲಿತ್ತು: ‘ಉಳಿತಾಯ: ತುಂಬು ಬಿಡಿಸುವ ಕೂಲಿ, ಪೂರ್ತಿ.’ ಅದನ್ನು ಟೈಪ್ ಮಾಡುವಾಗ ಬೆರಳು ಒಂದಿಷ್ಟೂ ತಡೆಯಲಿಲ್ಲವಲ್ಲ ಎನ್ನುವುದೇ ಈಗ ಅವಳ ನಾಚಿಕೆ. ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು: ಮಾಲೀಕನಿಗೆ ಯಾವ ಪ್ಲಾನು ತೋರಿಸಿದರೂ ಇದರಿಂದ ಏನು ಉಳಿಯುತ್ತದೆ ಎನ್ನುವುದನ್ನು ನಡುವೆ ಎಲ್ಲಾದರೂ ಹೇಳಿಬಿಡಬೇಕು, ಆಗ ಅವನು ಕೊನೆಯವರೆಗೂ ನಿದ್ದೆ ಮಾಡುವುದಿಲ್ಲ. ತುಂಬು ಎಂದರೆ ಒಣಮೆಣಸಿನಕಾಯಿಯ ತೊಟ್ಟು. ಹೇಮಪ್ಪ ಸಾವಕಾರರ ಅಂಗಳದಲ್ಲಿ ನಲವತ್ತು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕೆಂಪು ರಾಶಿಯ ಮುಂದೆ ಕೂತು ಅದನ್ನೇ ಬಿಡಿಸುತ್ತಾರೆ. ಮೂರನೆಯ ಸಾಲಿನಲ್ಲಿ ನೀರಿನ ಟಾಕಿಯ ಕಡೆ ಮುಖ ಮಾಡಿ ಕೂರುವವಳು ಅಗಡಿಯ ಉಚ್ಚಂಗೆವ್ವ. ಮಹೇಶ್ವರಿಯ ಅವ್ವ.

ಬಸ್ಸು ಹೈವೇ ಹಿಡಿಯಿತು. ಪಕ್ಕದ ಸೀಟಿನ ಹೆಂಗಸು ಬಾಳೆಹಣ್ಣು ಸುಲಿದು ಅರ್ಧ ಇವಳಿಗೆ ಕೊಟ್ಟು, ‘ಎಲ್ಲಿ ನೌಕರಿ ತಂಗಿ?’ ಎಂದಳು. ‘ಬ್ಯಾಡಗ್ಯಾಗ’ ಎಂದಳು ಮಹೇಶ್ವರಿ. ‘ಏನ್ ನೌಕರಿ?’ ಎಂಬ ಮುಂದಿನ ಪ್ರಶ್ನೆ ಬರುವ ಮೊದಲೇ ಹಣ್ಣನ್ನು ಬಾಯಿಗೆ ತುರುಕಿಕೊಂಡು ಹೊರಗೆ ನೋಡಿದಳು. ಈ ಪ್ರಶ್ನೆಗೆ ಅವಳ ಕ್ಲಾಸಿನ ಮೂವತ್ತೆಂಟು ಮಂದಿಯೂ ಒಂದಲ್ಲ ಒಂದು ಬಾಳೆಹಣ್ಣು ಹುಡುಕಿಕೊಂಡಿದ್ದರು. ಮೊದಲ ದಿನ ಮೇಷ್ಟ್ರು ಬೋರ್ಡಿನ ನಡುವೆ ಒಂದು ಗುಂಡು ಬರೆದು ಅದರಿಂದ ಬಾಣಗಳನ್ನು ಎಳೆದಿದ್ದರು: ಬ್ರ್ಯಾಂಡ್ ಮ್ಯಾನೇಜರ್, ಮಾರುಕಟ್ಟೆ ಸಂಶೋಧನೆ, ಜಾಹೀರಾತು, ಡಿಜಿಟಲ್. ಕೊನೆಯ ಬಾಣಕ್ಕೆ ಜಾಗ ಸಾಲದೆ ಸೀಮೆಸುಣ್ಣ ಗೋಡೆಗೂ ದಾಟಿತ್ತು. ಆ ಬಾಣಗಳನ್ನು ಹಿಡಿದು ಹೋದವರಲ್ಲಿ ನಾಲ್ವರು ಬಂಗಾರದ ಸಾಲ ಕೊಡುವ ಕೌಂಟರಿನಲ್ಲಿದ್ದರು. ಸುಭಾಷ ಬೀಜದ ಕಂಪನಿಯ ಟೀಶರ್ಟ್ ಹಾಕಿಕೊಂಡು ಹಲಗೇರಿಯ ಹೊಲಗಳಲ್ಲಿ ರೈತರಿಗೆ ಟೊಮೆಟೊ ತೋರಿಸುತ್ತ ತಿರುಗುತ್ತಿದ್ದ. ಅಂಜಲಿ ರಾಣೆಬೆನ್ನೂರಿನ ಸೀರೆ ಅಂಗಡಿಯಲ್ಲಿ ದಿನಕ್ಕೆ ಹತ್ತು ಸೀರೆ ಉಟ್ಟು ಬಿಚ್ಚಿ ರೀಲ್ಸ್ ಮಾಡುತ್ತಿದ್ದಳು, ಎಲ್ಲರಿಗಿಂತ ಹೆಚ್ಚು ಪಗಾರ ಅವಳಿಗೇ. ಉಳಿದ ಬಹಳಷ್ಟು ಜನ ಮಾರ್ಕೆಟಿಂಗ್ ಪುಸ್ತಕ ಕಟ್ಟಿಟ್ಟು ಪಿಡಿಒ ಪರೀಕ್ಷೆಗೆಂದು ಅಶೋಕನ ಶಾಸನಗಳನ್ನು ಬಾಯಿಪಾಠ ಮಾಡುತ್ತಿದ್ದರು. ಬೀಗರು ಬಿಜ್ಜರು ಅವ್ವನನ್ನು ಕೇಳುತ್ತಿದ್ದರು, ಅದನ್ನ ಕಲ್ತರ ಏನಾಕ್ಕಾರ? ಅವ್ವನಿಗೆ ಗೊತ್ತಿದ್ದದ್ದು ಒಂದೇ. ‘ಅದನ್ನ ಕಲ್ತವರಿಗೆ ಕುಂದ್ರಾಕ ಕುರ್ಚಿ ಇರತೈತಿ’ ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ನೆಲದ ಮೇಲೆ ಕೂತವಳ ಲೆಕ್ಕ ಅದು.

ಕುರ್ಚಿ ಸಿಕ್ಕಿತು, ಅದೂ ಅದೇ ಅಂಗಳದ ಮೇಲಿನ ಮಾಳಿಗೆಯಲ್ಲಿ. ನೌಕರಿಗೆ ಹೋಗುವ ಮೊದಲ ದಿನ ಬೆಳಿಗ್ಗೆ ಅವ್ವ ರೊಟ್ಟಿ ಕಟ್ಟುತ್ತ, ಮುಖ ಎತ್ತದೆ ಹೇಳಿದ್ದಳು: ‘ನೋಡ್ ಮಹೇಶಿ, ಅಂಗಳದಾಗ ನಾ ಕಂಡ್ರ ಮಾತಾಡಸಬ್ಯಾಡ. ನೀ ಆಫೀಸಿನಾಕಿ. ತುಂಬು ಬಿಡಸಾಕಿ ಮಗಳು ಅಂತ ಗೊತ್ತಾದ್ರ ನಿನ್ನ ಕಿಮ್ಮತ್ತು ಅಲ್ಲೇ ಇಳೀತೈತಿ.’ ‘ಏನಬೇ ಹಂಗಂದ್ರ’ ಎಂದು ಮಹೇಶ್ವರಿ ಒಂದು ಮಾತು ಅಂದಿದ್ದಳು, ಅನ್ನಬೇಕಲ್ಲ ಎಂದು ಅಂದಿದ್ದಳು. ಒಳಗೆ ಮಾತ್ರ ಬಿಗಿದು ಕಟ್ಟಿದ್ದ ಏನೋ ಒಂದು ಸಡಿಲಾದ ಹಾಗೆ ಹಾಯೆನಿಸಿತ್ತು. ಹಿಂದಿನ ಇಡೀ ದಿನ ಇದನ್ನು ಅವ್ವನಿಗೆ ಹೇಗೆ ಹೇಳುವುದು ಎಂದು ಅವಳೇ ಯೋಚಿಸುತ್ತಿದ್ದಳು, ಅವ್ವನೇ ಹೇಳಿಬಿಟ್ಟಳು. ಆ ಹಾಯಿ ಆಮೇಲೆ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಅವ್ವ ಆರು ಗಂಟೆಗೆ ಹೆಂಗಸರ ಟೆಂಪೋದಲ್ಲಿ ಹೋಗುವಳು, ಇವಳು ಏಳೂವರೆಗೆ ಬಸ್ಸಿನಲ್ಲಿ. ಅಂಗಳದಲ್ಲಿ ಎದುರಾದರೆ ಇಬ್ಬರೂ ನೆಲ ನೋಡುವರು. ಹೋದ ತಿಂಗಳು ಇವಳು ಬಾಟಲಿ ತುಂಬಿಸಿಕೊಳ್ಳಲು ಟಾಕಿಯ ಹತ್ತಿರ ಹೋದಾಗ ನಲ್ಲಿಯ ಮುಂದೆ ಅವ್ವನೇ ನಿಂತಿದ್ದಳು. ತಕ್ಷಣ ತನ್ನ ಚರಿಗೆ ಹಿಂದಕ್ಕೆ ಸರಿಸಿ, ಸೆರಗು ಎಳೆದುಕೊಂಡು, ‘ನೀವು ತುಂಬಕೋರಿ ಮೇಡಂ’ ಎಂದಳು. ಮಹೇಶ್ವರಿ ತುಂಬಿಸಿಕೊಂಡಳು. ಥ್ಯಾಂಕ್ಸ್ ಎಂದೂ ಅಂದಳು. ಮಾಳಿಗೆಗೆ ಬಂದು ಕುರ್ಚಿಯಲ್ಲಿ ಕೂತರೆ ಆ ನೀರು ಗಂಟಲಲ್ಲಿ ಇಳಿಯಲೊಲ್ಲದು; ಸಂಜೆಗೆ ಬಾಟಲಿಯನ್ನು ಹಾಗೇ ಕಿಟಕಿಯ ಹೊರಗೆ ಚೆಲ್ಲಿ ಮನೆಗೆ ಹೋದಳು.

ಮೋಟೆಬೆನ್ನೂರು ದಾಟಿ ಬ್ಯಾಡಗಿಯ ರಸ್ತೆಗೆ ಬಸ್ಸು ಹೊರಳಿದ ಸ್ವಲ್ಪ ಹೊತ್ತಿಗೆ ಮೊದಲ ಸೀನು ಹಿಂದಿನ ಸೀಟಿನಲ್ಲಿ ಕೇಳಿಸಿತು. ಸುಗ್ಗಿಯಲ್ಲಿ ಊರು ಬಂತೆಂದು ಕಂಡಕ್ಟರ್ ಕೂಗಿ ಹೇಳಬೇಕಾದ್ದಿಲ್ಲ. ಸೋಮವಾರ ಟೆಂಡರ್ ಆದ ಕಾಯಿ ಮಂಗಳವಾರ ಲಾರಿಗಳಿಗೆ ಏರುತ್ತಿತ್ತು. ರಸ್ತೆಯ ಎರಡೂ ಬದಿಗೆ ಚೀಲದ ಗೋಡೆ, ಗಾಳಿಯಲ್ಲಿ ತೇಲುವ ಖಾರ. ಈ ವಾಸನೆಗೆ ಅವಳು ಸೀನುವುದಿಲ್ಲ, ಯಾಕೆಂದರೆ ಹುಟ್ಟಿದಂದಿನಿಂದ ಇದು ಅವ್ವನ ವಾಸನೆ. ಚಿಕ್ಕವಳಿದ್ದಾಗ ಅತ್ತರೆ ಅವ್ವ ಎಂದೂ ಅಂಗೈಯಿಂದ ಕಣ್ಣೊರೆಸುತ್ತಿರಲಿಲ್ಲ, ಮೊಣಕೈಯಿಂದ ಒರೆಸುತ್ತಿದ್ದಳು. ಎಲ್ಲರ ಅವ್ವಂದಿರೂ ಮೊಣಕೈಯಿಂದಲೇ ಒರೆಸುತ್ತಾರೆ ಎಂದು ಬಹಳ ದಿನ ತಿಳಿದಿದ್ದಳು. ಬಸ್ಸಿಳಿದು ಅಂಗಳದ ಗೇಟಿನ ಕಡೆ ನಡೆಯುವಾಗ ರಾಣೆಬೆನ್ನೂರಿನ ಒಂದು ಕಿರಾಣಿ ಅಂಗಡಿ ನೆನಪಾಗಿ ಕಿವಿ ಬಿಸಿಯಾಯಿತು. ಕಂಪನಿಯ ‘ಮನೆಖಾರ’ ಎಂಬ ಪ್ಯಾಕೆಟ್ಟನ್ನು ಅಂಗಡಿಯಿಂದ ಅಂಗಡಿಗೆ ಹೊತ್ತು ತಿರುಗುವುದು ಅವಳ ಮೊದಲ ಕೆಲಸವಾಗಿತ್ತು. ವರ್ಷದ ಖಾರದಪುಡಿಗೆ ಮನೆಮನೆಯಲ್ಲಿ ಕಾಯಿ ಕೊಳ್ಳುವ ಕಾಲ, ತುಂಬು ಬಿಡಿಸಿದ ಹಸನಾದ ಕಾಯಿ, ಹೊಳೆಯುವ ಪ್ಯಾಕೆಟ್. ಯಾರೂ ಕೈಗೆ ಸಹ ಎತ್ತಲಿಲ್ಲ. ಹಸೀನಾಬಿ ಎಂಬ ಒಬ್ಬ ಗಿರಾಕಿ, ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುವವಳು, ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ‘ತುಂಬು ತಗದ್ರ ಕಾಯಿ ಹೊಸದೋ ಹಳೇದೋ ಹೆಂಗ್ ಗೊತ್ತಾಗಬೇಕವಾ? ಹಲ್ಲು ನೋಡಗೊಡದ ಎತ್ತು ಮಾರಾಕ ಬಂದಂಗಾತು’ ಎಂದಳು. ಎರಡು ವರ್ಷ ಕಲಿತ ಮಾರುಕಟ್ಟೆ ಸಂಶೋಧನೆ ಆ ಒಂದು ಮಾತಿನಲ್ಲಿ ಮುಗಿಯಿತು. ಹೆಂಗಸರಿಗೆ ತುಂಬು ಬೇಕು. ತುಂಬು ಹಳದಿ ಹಸಿರಿದ್ದರೆ ಈ ವರ್ಷದ್ದು, ಕಪ್ಪಾಗಿದ್ದರೆ ಕೋಲ್ಡ್ ಸ್ಟೋರೇಜಿನದು. ಅದು ಕಾಯಿಯ ಜಾತಕ.

ಸಾವಕಾರರ ಅಣ್ಣನ ಮಗ ಯುವರಾಜ ಸೇಲ್ಸಿನ ಮುಖ್ಯಸ್ಥ. ಅವನನ್ನು ಕಾಡಿಬೇಡಿ ತುಂಬಿನ ಸಮೇತ ನೂರು ಪ್ಯಾಕೆಟ್ ಮಾಡಿಸಿದಳು. ರಾಶಿಯಿಂದ ನೇರ ಮಷೀನಿಗೆ, ಮಷೀನಿನಿಂದ ಪ್ಯಾಕೆಟ್ಟಿಗೆ. ಅದನ್ನು ಹೊತ್ತುಕೊಂಡು ಮತ್ತೆ ರಾಣೆಬೆನ್ನೂರು, ಮತ್ತೆ ಹಸೀನಾಬಿ. ಅವಳು ಅಲ್ಲೇ ಹರಿದು ಕೌಂಟರಿನ ಮೇಲೆ ಸುರುವಿದಳು. ನಾಲ್ಕು ಒಳ್ಳೆಯ ಕಾಯಿಯ ನಡುವೆ ಒಂದು ಕಪ್ಪು ತುಂಬು, ಒಂದರ ಬುಡದಲ್ಲಿ ಬಿಳಿ ಬೂಷ್ಟು. ಏಳೆಂಟು ಗಿರಾಕಿಗಳ ಎದುರು ಆ ಕಾಯಿಯನ್ನು ಇವಳ ಮೂಗಿನ ಹತ್ತಿರ ಹಿಡಿದು, ‘ಇದನ್ನ ನಿಮ್ಮವ್ವಗ ತಿನಸ್ತೀಯೇನ?’ ಎಂದಳು. ಚೆಲ್ಲಿದ್ದನ್ನೆಲ್ಲ ಓಢಣಿಯಲ್ಲಿ ಬಳಿದುಕೊಂಡು ಹೊರಗೆ ಬಂದಳು ಮಹೇಶ್ವರಿ. ಆ ಶನಿವಾರ ಹಾವೇರಿಯ ಅಂಗಡಿಗೆ ಎಂದು ಸುಳ್ಳು ಹೇಳಿ ಎರಡು ಚೀಲ ಕಾಯಿಯನ್ನು ಟೆಂಪೋದಲ್ಲಿ ಅಗಡಿಗೆ ತಂದಳು. ಭಾನುವಾರ ಬೆಳಿಗ್ಗೆ ಅವ್ವ ಚೀಲದ ಬಾಯಿ ಬಿಚ್ಚಿ, ಮಗಳ ಮುಖ ನೋಡಿ, ಏನೂ ಕೇಳದೆ ಪಕ್ಕದ ಮನೆಯ ಸಕೀನಾಬಿಯನ್ನು ಕರೆದಳು. ಸಕೀನಾಬಿಯದೂ ಅದೇ ಅಂಗಳದಲ್ಲಿ ಅದೇ ಕೆಲಸ. ಕಟ್ಟೆಯ ಮೇಲೆ ಇಬ್ಬರೂ ಕೂತರು. ಕಾಯಿಯ ತುಂಬು ಹಿಡಿದು ಒಂದು ಸಲ ಕಿವಿಯ ಹತ್ತಿರ ಅಲ್ಲಾಡಿಸುವುದು, ಬುಡಕ್ಕೆ ಹೆಬ್ಬೆರಳು ಆಡಿಸುವುದು, ಬಲಕ್ಕೋ ಎಡಕ್ಕೋ ಒಗೆಯುವುದು. ಮಾತಾಡುತ್ತ, ನಗುತ್ತ, ಯಾರದೋ ಸೊಸೆಯನ್ನು ಬೈಯುತ್ತ ಸಂಜೆಯೊಳಗೆ ಎರಡು ಚೀಲ ಮುಗಿಸಿದರು. ಆರಿಸಿದ ಕಾಯಿ ತುಂಬಿದ ಹೊಸ ನೂರು ಪ್ಯಾಕೆಟ್ ರಾಣೆಬೆನ್ನೂರಿನಲ್ಲಿ ಒಂಬತ್ತು ದಿನಕ್ಕೆ ಖಾಲಿಯಾದವು. ಹಸೀನಾಬಿ ತಾನಾಗಿ ಬಂದು ನಾಲ್ಕು ಒಯ್ದಳು, ಮುಂದಿನ ಮದುವೆಗೆ ಮೂವತ್ತು ಬೇಕೆಂದಳು. ಪ್ಲಾನಿನ ಏಳನೆಯ ಪುಟದಲ್ಲಿ ಆ ಒಂಬತ್ತು ದಿನದ ಗೆರೆ ಮೇಲಕ್ಕೇ ಏರಿತ್ತು. ಆ ಕಾಯಿಯನ್ನು ಯಾರೋ ಕೂತು ಆರಿಸಿದ್ದರು ಎನ್ನುವುದು ಮಾತ್ರ ಹನ್ನೊಂದೂ ಪುಟದಲ್ಲಿ ಎಲ್ಲೂ ಇರಲಿಲ್ಲ. ಆಫೀಸಿಗೆ ಗೊತ್ತಿದ್ದದ್ದು, ತುಂಬನ್ನು ತೆಗೆಯದೆ ಹಾಗೇ ಬಿಟ್ಟರೆ ಸಾಕು, ಮಾಲು ಓಡುತ್ತದೆ. ಮೊದಲು ಕಾಯಂ ಆಗಲಿ, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದಳು. ಆಮೇಲೆ ಎನ್ನುವುದು ಎಷ್ಟು ಅನುಕೂಲದ ಮಾತು!

ಗೇಟಿನೊಳಗೆ ಕಾಲಿಟ್ಟಾಗ ಮೂರನೆಯ ಸಾಲಿನಲ್ಲಿ ಅವ್ವ ತಲೆ ಎತ್ತಲಿಲ್ಲ. ಎತ್ತದೆಯೇ ನೋಡಿದಳು ಎಂದು ಇವಳಿಗೆ ಗೊತ್ತಾಯಿತು. ಇವಳು ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ರಾಶಿಗಳ ನಡುವಿನ ಹಾದಿ ಹಿಡಿದು, ಮೆಟ್ಟಿಲು ಹತ್ತಿ, ಫ್ಯಾನಿನ ಕೆಳಗೆ ಹೋಗಿ ಕೂತಳು.

ಹೇಮಪ್ಪ ಸಾವಕಾರರು ಲ್ಯಾಪ್‌ಟಾಪು ನೋಡುವುದು ಕಾಯಿಯ ಲಾಟು ನೋಡಿದ ಹಾಗೆಯೇ: ಮೊದಲು ದೂರದಿಂದ, ಆಮೇಲೆ ಬಗ್ಗಿ. ಪಕ್ಕದಲ್ಲಿ ಯುವರಾಜ ಫೋನು ನೋಡುತ್ತ ಕಾಲು ಅಲ್ಲಾಡಿಸುತ್ತಿದ್ದ. ಮೊದಲೆರಡು ಪುಟವನ್ನು ಮಹೇಶ್ವರಿ ಗಡಬಡಿಸಿ ಓದಿದಳು, ಮೂರನೆಯದಕ್ಕೆ ನಿಧಾನವಾದಳು. ಹೆಂಗಸರು ಸಂತೆಯಲ್ಲಿ ಕಾಯಿ ಹೇಗೆ ಆರಿಸುತ್ತಾರೆ, ಏಕೆ ಪ್ಯಾಕೆಟ್ಟನ್ನು ನಂಬುವುದಿಲ್ಲ, ಎಲ್ಲ ಹೇಳಿದಳು. ಸಾವಕಾರರು ಹೂಂ, ಹೂಂ ಎನ್ನುತ್ತಿದ್ದರು. ಐದನೆಯ ಪುಟ ಬಂದಾಗ ಅವಳು ಅದನ್ನು ಬೇಗ ದಾಟಿಸಲು ಹೋದಳು.

‘ನಿಲ್ಲವಾ ತಂಗಿ. ಹಿಂದಕ್ಕ ತಗೀ’ ಎಂದರು ಸಾವಕಾರರು. ಕನ್ನಡಕ ಏರಿಸಿಕೊಂಡು ಬಗ್ಗಿದರು. ‘ತುಂಬು ಬಿಡಸೋ ಕೂಲಿ ಪೂರ್ತಿ? ಪೂರ್ತಿ ಉಳೀತೈತಿ ಅಂತೀ?’

ಯುವರಾಜ ಫೋನು ಕೆಳಗಿಟ್ಟ. ‘ಹೌದಲ್ಲ ಕಾಕಾ! ತುಂಬು ಬಿಡಸೂದs ಬ್ಯಾಡಂದ್ರ ನಲವತ್ತು ಮಂದಿ ಯಾಕ ಬೇಕು? ಮುಂದಿನ ವಾರದಿಂದ ಬಂದ್ ಮಾಡೂಣು.’

‘ಶಾಣ್ಯಾಕಿ ಅದಿ’ ಎಂದರು ಸಾವಕಾರರು ಇವಳಿಗೆ, ಮೊಟ್ಟಮೊದಲ ಬಾರಿಗೆ ಮುಖ ನೋಡಿ. ‘ಉಳದದ್ದು ಆಮ್ಯಾಲೆ ನೋಡೂಣು. ನೀ ಕಾಯಂ ಆದಿ ಅಂತ ತಿಳಕೋ.’

ಸುಮ್ಮನಿದ್ದರೆ ಸಾಕಿತ್ತು. ಬೇಕಾದದ್ದು ಅವಳಿಗೆ ಇಷ್ಟು ಸಲೀಸಾಗಿ ಹಿಂದೆಂದೂ ಸಿಕ್ಕಿರಲಿಲ್ಲ. ಬಾಯಿ ಮುಚ್ಚಿಕೊಂಡು ಆರನೆಯ ಪುಟಕ್ಕೆ ಹೋಗುವುದಷ್ಟೇ ಬಾಕಿ. ಕಾಯಂ ಎಂಬ ಶಬ್ದ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮೇಷ್ಟ್ರಿಗೆ ಫೋನು ಮಾಡಬಹುದು, ಫ್ಲೆಕ್ಸಿನ ಕಡೆ ಮುಖ ಮಾಡಿ ನಿಲ್ಲಬಹುದು. ಅವ್ವ ಮನೆಯಲ್ಲಿ ಕೂತರೇನು, ಇಪ್ಪತ್ತೆರಡು ವರ್ಷ ದುಡಿದದ್ದು ಸಾಲದೇ, ಇನ್ನು ಮಗಳು ಸಾಕುತ್ತಾಳೆ ಎಂದು ಒಳಗೆ ಒಬ್ಬ ಜಾಣೆ ಪಿಸುಗುಟ್ಟಿದಳು. ಉಳಿದ ಮೂವತ್ತೊಂಬತ್ತು ಜನರನ್ನು ಯಾರು ಸಾಕುತ್ತಾರೆ ಎಂದು ಆ ಜಾಣೆ ಹೇಳಲಿಲ್ಲ. ಗಾಜಿನ ಕಿಟಕಿಯ ಕೆಳಗೆ ಅಂಗಳ ಕಾಣುತ್ತಿತ್ತು. ಅವ್ವ ಎದ್ದು ನಿಂತು ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗಿ, ಮತ್ತೆ ಕೂತಳು. ‘ಬಂದ್ ಮಾಡೂಣು’ ಎಂದು ಯುವರಾಜ ಫ್ಯಾನಿನ ಬಟನ್ನಿನ ಬಗ್ಗೆ ಹೇಳುವ ಹಾಗೆ ಹೇಳಿದ್ದ. ರಾಣೆಬೆನ್ನೂರಿನ ಕೌಂಟರಿನ ಮೇಲೆ ಮತ್ತೆ ಕಪ್ಪು ತುಂಬು ಸುರಿಯುತ್ತದೆ, ಹಸೀನಾಬಿ ಮತ್ತೆ ಅದೇ ಮಾತು ಕೇಳುತ್ತಾಳೆ. ಬಾಯಿ ಬಿಡಿಸಿದ್ದು ಅವ್ವನ ಮೇಲಿನ ಪ್ರೀತಿಯೋ, ಹಸೀನಾಬಿಯ ಹೆದರಿಕೆಯೋ, ಯುವರಾಜನ ಮೇಲಿನ ಸಿಟ್ಟೋ, ಆಮೇಲೆ ಎಷ್ಟು ಕೆದಕಿದರೂ ಅವಳಿಗೆ ತಿಳಿಯಲಿಲ್ಲ. ಮೂರೂ ಇದ್ದಿರಬೇಕು.

‘ಸರ್, ಆ ಸಾಲು ಸುಳ್ಳೈತ್ರಿ’ ಎಂದಳು.

‘ಏನಂದಿ?’

‘ನಾನs ಬರದದ್ದು, ಆದ್ರ ಸುಳ್ಳೈತ್ರಿ. ರಾಣೆಬೆನ್ನೂರಾಗ ಓಡಿದ ಮಾಲು ರಾಶಿಯಿಂದ ತುಂಬಿದ್ದಲ್ರಿ. ಒಂದೊಂದು ಕಾಯಿನೂ ಕೈಲೆ ಆರಿಸಿದ್ದು. ಆರಿಸದs ತುಂಬಿದ್ದನ್ನ ಮೊದಲ ಒಯ್ದಿದ್ದೆ, ನನ್ನ ಮಾರಿ ಮ್ಯಾಲೆ ಒಗದ್ರು.’

ಸಾವಕಾರರು ಕನ್ನಡಕ ತೆಗೆದರು. ‘ಎಲ್ಲಿ ಆರಿಸಿದಿ? ಇಲ್ಲಂತೂ ಆರಿಸಿಲ್ಲ.’

‘ಮನ್ಯಾಗ್ರಿ. ಎರಡು ಚೀಲ ಅಗಡಿಗೆ ಒಯ್ದಿದ್ದೆ. ಸುಳ್ಳು ಹೇಳಿ ಒಯ್ದಿದ್ದೆ.’

‘ಯಾರು ಆರಿಸಿದ್ರು?’

ಇಷ್ಟು ಹೇಳಿದವಳಿಗೆ ಈ ಉತ್ತರ ಎಲ್ಲಕ್ಕಿಂತ ಭಾರವಾಯಿತು. ನಾಚಿಕೆಗೇಡಿ, ಹೇಳು ಎಂದು ತನ್ನನ್ನೇ ಬೈದುಕೊಂಡಳು. ‘ನಮ್ಮವ್ವ ರೀ. ಕೆಳಗ ಮೂರನೇ ಸಾಲಿನಾಗ ಕುಂತಾಳ. ಅಗಡಿ ಉಚ್ಚಂಗೆವ್ವ. ನಾ ಆಕಿ ಮಗಳು.’

ಯುವರಾಜ ಕುರ್ಚಿಗೆ ಒರಗಿ ನಕ್ಕ. ‘ನೋಡು ಕಾಕಾ! ಎಂಬಿಎ ಮಾಡಿದಾಕಿ ಅವ್ವನ ಕಡೆ ಮಾರ್ಕೆಟಿಂಗ್ ಮಾಡಿಸ್ಯಾಳ!’

ಸಾವಕಾರರು ಎದ್ದು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು. ಹಿಂದೆ ಯುವರಾಜ, ಅವನ ಹಿಂದೆ ಮಹೇಶ್ವರಿ. ಸಾವಕಾರರು ಈ ಹೊತ್ತಿನಲ್ಲಿ ಅಂಗಳಕ್ಕೆ ಇಳಿಯುವವರಲ್ಲ. ಹೆಂಗಸರ ಮಾತು ಸಾಲುಸಾಲಾಗಿ ನಿಂತಿತು. ಅವರು ಬದಿಯ ರಾಶಿಯಿಂದ ತುಂಬಿನ ಸಮೇತ ಎರಡು ಬೊಗಸೆ ಕಾಯಿ ತೆಗೆದುಕೊಂಡು ಬಂದು ಅವ್ವನ ಮುಂದೆ ಸುರುವಿದರು.

‘ಉಚ್ಚಂಗೆವ್ವ ನೀವs ಏನು?’

‘ಹೌದ್ರಿ ಸಾವಕಾರ್ರ.’

‘ಈಕಿ ನಿಮ್ಮ ಮಗಳೇನು?’

ಅವ್ವ ಮಹೇಶ್ವರಿಯ ಕಡೆ ನೋಡಿದಳು. ಆರು ತಿಂಗಳಲ್ಲಿ ಅಂಗಳದೊಳಗೆ ಮೊದಲ ಸಲ ನೇರ ನೋಡಿದಳು, ಗುರುತೇ ಇಲ್ಲದವಳ ಹಾಗೆ. ‘ಇಲ್ರೀ ಯಪ್ಪಾ’ ಎಂದಳು. ‘ಮೇಡಂ ಅವ್ರು ಆಫೀಸಿನವರು. ಅಂಥಾ ಮಗಳು ನಮ್ಮಂಥವರ ಹೊಟ್ಟ್ಯಾಗ ಎಲ್ಲಿಂದ ಹುಟ್ಟಬೇಕ್ರಿ.’

ಅವ್ವನಿಗೆ ಮೇಲೆ ಆದದ್ದೇನೂ ಗೊತ್ತಿಲ್ಲ. ಮಗಳನ್ನು ಉಳಿಸುತ್ತಿದ್ದೇನೆ ಎಂದುಕೊಂಡು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದಳು. ಯುವರಾಜ ‘ಅಬ್ಬಾ’ ಎಂದು ಮತ್ತೆ ನಗಲು ಸುರುಮಾಡಿದ. ಸಾವಕಾರರು ಮಾತ್ರ ಅವ್ವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಬಾಯಿ ಮಗಳನ್ನು ಅಲ್ಲ ಎನ್ನುತ್ತಿದ್ದ ಹೊತ್ತಿಗೇ ಅವ್ವನ ಕೈ ಮುಂದೆ ಬಿದ್ದ ಕಾಯಿಯನ್ನು ಎತ್ತಿ, ಅಲ್ಲಾಡಿಸಿ, ಹೆಬ್ಬೆರಳು ಆಡಿಸಿ, ಬಲಕ್ಕೆ ಎಡಕ್ಕೆ ಒಗೆಯುತ್ತಿತ್ತು. ಮಹೇಶ್ವರಿ ಚೂಡಿದಾರದ ಪರಿವೆಯಿಲ್ಲದೆ ಅವ್ವನ ಪಕ್ಕದಲ್ಲಿ ಆ ಕೆಂಪು ದೂಳಿನಲ್ಲಿ ದೊಪ್ಪನೆ ಕೂತಳು. ‘ಸಾಕಬೇ’ ಎಂದಳು. ‘ನಾನs ಹೇಳೀನಿ. ಎಲ್ಲಾ ಹೇಳೀನಿ.’

‘ಏನ್ ಹೇಳೀದಿ ಹುಚ್ಚಿ?’ ಎಂದು ಅವ್ವ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಅದು ನಾಲ್ಕು ಸಾಲಿಗೂ ಕೇಳಿಸಿತು.

ಪಕ್ಕದಲ್ಲಿದ್ದ ಸಕೀನಾಬಿಗೆ ಇನ್ನು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ‘ಏ ಉಚ್ಚಂಗೆವ್ವ, ಯಾರ ಮುಂದ ನಾಟಕಾ ಮಾಡ್ತೀ? ಆರು ತಿಂಗಳಿಂದ ಇಡೀ ಅಂಗಳಕ್ಕ ಗೊತ್ತೈತಿ. ನೀ ಮೇಡಂ ಅಂದಾಗೆಲ್ಲಾ ನಾವು ಮಾರಿ ತಿರುವಿ ನಗತಿದ್ವಿ.’ ಅಷ್ಟೇ ಸಾಕಾಯಿತು. ಮೊದಲ ಸಾಲು ನಕ್ಕಿತು, ಎರಡನೆಯದು ನಕ್ಕಿತು, ಹಿಂದಿನ ಸಾಲಿನ ಗುತ್ತೆವ್ವ ಎಂಬ ಮುದುಕಿ ನಕ್ಕು ಕೆಮ್ಮಿ ಮತ್ತೆ ನಕ್ಕಳು. ನಲವತ್ತು ಹೆಂಗಸರು ಆರು ತಿಂಗಳು ಒಂದು ಗುಟ್ಟನ್ನು ತಮ್ಮದೇ ಮನೆಯದೆಂಬ ಹಾಗೆ ಕಾದಿದ್ದರು. ಮಹೇಶ್ವರಿಗೆ ಅಳು ಬಂತು, ಅದರ ಜೊತೆಗೇ ತಡೆಯಲಾರದ ನಗುವೂ ಬಂತು.

ಸಾವಕಾರರು ಕುಕ್ಕುರುಗಾಲಲ್ಲಿ ಕೂತು ಅವ್ವ ಬಲಕ್ಕೆ ಹಾಕಿದ ಕಾಯಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಒಂದರಲ್ಲೂ ಕಪ್ಪು ತುಂಬು ಇರಲಿಲ್ಲ. ‘ಹಿಂಗ ಎಲ್ಲಾರಿಗೂ ಬರತೈತೇನು?’

‘ಬರಲಾರದೇನ್ರಿ. ದಿನಾ ಕೈಯಾಗ ಹಿಡದs ತುಂಬು ತಗೀತೀವಿ’ ಎಂದಳು ಅವ್ವ. ಗುಟ್ಟು ಹೋದ ಮೇಲೆ ಅವಳ ಬೆನ್ನು ನೆಟ್ಟಗಾಗಿತ್ತು. ಮಗಳು ನಾಲ್ಕು ಮಾತಿನಲ್ಲಿ ಪ್ಲಾನು ತಿಳಿಸಿದಳು, ಐದನೆಯ ಪುಟವನ್ನೂ ಬಿಡಲಿಲ್ಲ. ಕೂಲಿ ಪೂರ್ತಿ ಉಳಿಯುತ್ತದೆ ಎಂದು ಬರೆದಿದ್ದೆ ಎನ್ನುವಾಗ ಅವ್ವನ ಕೈ ಒಂದು ಗಳಿಗೆ ನಿಂತಿತು. ಮಗಳನ್ನು ಒಂದು ಸಲ ನೋಡಿದಳು, ನೋಡಿ ಆದ ಮೇಲೆ ಸಾವಕಾರರ ಕಡೆ ತಿರುಗಿದಳು. ‘ಹಂಗಾರ ಕೇಳ್ರಿ. ತುಂಬು ತಗಿಯೂದು ಕಣ್ಣು ಮುಚ್ಚಿ ಮಾಡೋ ಕೆಲಸ. ಇದು ಕಣ್ಣಿಟ್ಟು ಮಾಡೋ ಕೆಲಸ. ಕಿಲೋಕ್ಕ ಎರಡು ರೂಪಾಯಿ ಜಾಸ್ತಿ ಆಕ್ಕೈತಿ. ನಲವತ್ತು ಮಂದ್ಯಾಗ ಒಬ್ರನೂ ತಗಿಯಂಗಿಲ್ಲ. ಮ್ಯಾಲೆ ತಗಡಿನ ನೆರಳು ಬೇಕು, ಬಿಸಿಲಾಗ ತುಂಬಿನ ಬಣ್ಣ ತಿಳಿಯಂಗಿಲ್ಲ.’

‘ಕಾಕಾ, ಇದು ದುಬಾರಿ ಆತು. ಉಳಿತಾಯ ಹೋಗಿ ಖರ್ಚು ಬಂತಲ್ಲ’ ಎಂದ ಯುವರಾಜ.

ಸಾವಕಾರರು ಮಹೇಶ್ವರಿಯನ್ನು ನೋಡಿದರು. ‘ಏನವಾ, ನಿಮ್ಮವ್ವ ಹೇಳಿದ್ದು ನಿನ್ನ ಪ್ಲಾನಿನಾಗ ಕುಂದ್ರತೈತೇನು?’

ಅವಳು ನೆಲದ ಮೇಲೆ ಕೂತಲ್ಲಿಂದಲೇ ಒಂದು ಕಾಯಿಯನ್ನು ಎತ್ತಿ ಹಿಡಿದಳು. ಹನ್ನೊಂದು ಪುಟದಲ್ಲಿ ಬರೆಯಲು ಹೊಳೆಯದ ಮಾತು ಈಗ ಈ ದೂಳಿನಲ್ಲಿ ಹೊಳೆಯಿತು, ಮತ್ತು ಹೊಳೆದ ಕೂಡಲೇ ಅದು ಎಷ್ಟು ಸರಿ ಎಂದು ಅವಳಿಗೆ ಮೈಯೆಲ್ಲ ತಿಳಿಯಿತು. ‘ಕುಂದ್ರತೈತ್ರಿ ಸರ್. ಇಷ್ಟ ದಿನ ತುಂಬು ಬಿಡಿಸಿ ಗಾಡಿ ತುಂಬಿ ಹೊರಗ ಒಗೀತಿದ್ವಿ. ಇನ್ಮ್ಯಾಲೆ ಅದೂ ಕಾಯಿ ಜೋಡಿ ತೂಕದಾಗ ಹೊಕ್ಕೈತಿ, ಕಾಯಿ ರೇಟಿನಾಗ. ಗಿರಾಕಿ ತಾನs ಕೇಳಿ ತಗೋತಾಳ. ಎರಡು ರೂಪಾಯಿ ಅದರಾಗs ಹುಟ್ಟಿ ಮತ್ತ ಮಿಗತೈತಿ.’

ಸಾವಕಾರರು ಕೈಯಲ್ಲಿದ್ದ ಕಾಯಿಯನ್ನು ನೋಡಿದರು. ತುಂಬನ್ನು ಎರಡು ಬೆರಳಿನಲ್ಲಿ ಹಿಡಿದು ತೂಗಿದ ಹಾಗೆ ಮಾಡಿದರು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಮೂವತ್ತು ವರ್ಷದ ವ್ಯಾಪಾರದಲ್ಲಿ ಅವರು ತುಂಬನ್ನು ಮಾರಿರಲಿಲ್ಲ. ‘ಯುವರಾಜಾ, ಕಲೀ’ ಎಂದರು. ‘ಮಾರ್ಕೆಟಿಂಗ್ ಕಲ್ತವರಿಗೆ ಏನ್ ಕೆಲಸಾ ಅಂತ ಕೇಳತಿದ್ದೆಲ್ಲ, ಇದು.’ ಎದ್ದು ಮೊಣಕಾಲು ಒತ್ತಿಕೊಳ್ಳುತ್ತ ಇವಳಿಗೆ ಹೇಳಿದರು, ‘ಮಾಲು ಮನೀಗೆ ಒಯ್ದದ್ದು ತಪ್ಪು. ಮತ್ತ ಒಯ್ಯಬ್ಯಾಡ, ಇಲ್ಲೇ ಆರಿಸು. ಎರಡು ರೂಪಾಯಿ, ನಲವತ್ತು ಮಂದಿ, ತಗಡು. ಆತು. ಕಾಯಂ ಅಂತ ಮ್ಯಾಲೆ ಅಂದದ್ದು ಇಲ್ಲೂ ಅಂದಂಗs.’ ಯುವರಾಜ ಏನೋ ಹೇಳಲು ಬಾಯಿ ತೆರೆದವನು ಸೀನು ಬಂದು ಮೂರು ಸಲ ಸೀನಿದ.

ಅವರು ಮೆಟ್ಟಿಲು ಹತ್ತಿ ಮರೆಯಾದ ಕೂಡಲೇ ಅಂಗಳದಲ್ಲಿ ಗದ್ದಲವೆದ್ದಿತು. ಮಹೇಶ್ವರಿ ಅವ್ವನ ಮುಖ ನೋಡಲು ಹೆದರಿ ತಲೆ ತಗ್ಗಿಸಿ ಕೂತಿದ್ದಳು. ‘ಆ ಸಾಲು ನಾನs ಬರದದ್ದಬೇ’ ಎಂದಳು ಮೆಲ್ಲಗೆ. ‘ನಿನ್ನ ಕೂಲಿ ಅಂತ ಗೊತ್ತಿದ್ದs ಬರದೆ.’ ‘ತಿಳೀತು’ ಎಂದಳು ಅವ್ವ. ‘ಅಳಿಸಿದೀಯಲ್ಲ.’ ಅಷ್ಟು ಹೇಳಿ ಎದ್ದು, ಸೀರೆ ಜಾಡಿಸಿ, ಸೊಂಟಕ್ಕೆ ಕೈಯಿಟ್ಟು ಸುತ್ತ ನೋಡಿದಳು. ಬೆನ್ನ ಮೇಲೆ ಚೀಲ ಹೊತ್ತ ಹಮಾಲಿ ಮೈಲಪ್ಪ ಲಾರಿಯ ಕಡೆ ಹೋಗುತ್ತಿದ್ದ.

‘ಏ ಮೈಲಪ್ಪಾ, ನಿಲ್ಲೋ!’ ಎಂದು ಕೂಗಿದಳು. ‘ಈಕಿ ನನ್ನ ಮಗಳು! ಎಂಬಿಎ ಮಾರ್ಕೆಟಿಂಗ್ ಕಲ್ತಾಳ! ಇವತ್ತ ಕಾಯಂ ಆದ್ಲು!’

‘ಹೊರಿ ಇಳಿಸಿ ಕೇಳತೇನಬೇ, ತಡಿ!’ ಎಂದ ಮೈಲಪ್ಪ ಚೀಲದ ಕೆಳಗಿನಿಂದ.

ತಡೆಯುವವಳೇ ಅವ್ವ? ಲಾರಿಯ ಡ್ರೈವರನಿಗೆ ಹೇಳಿದಳು, ಚಹಾ ತಂದವನಿಗೆ ಹೇಳಿದಳು, ತೂಕ ಬರೆಯುವ ಖಲಂದರನನ್ನು ದೂರದಿಂದ ಕರೆದು ಹೇಳಿದಳು. ಹೇಳಿದಷ್ಟೂ ಪದವಿ ಬೆಳೆಯುತ್ತಿತ್ತು. ಖಲಂದರನ ಹತ್ತಿರ ಹೋಗುವಷ್ಟರಲ್ಲಿ ಮಗಳು ಇಡೀ ಕಂಪನಿಯ ಮಾರ್ಕೆಟಿಂಗೇ ನೋಡುವವಳಾಗಿದ್ದಳು. ಇಂಥ ಪ್ರಚಾರ ಯಾವ ಕಾಲೇಜಿನಲ್ಲಿಯೂ ಕಲಿಸುವುದಿಲ್ಲ. ಮಹೇಶ್ವರಿ ಬಟ್ಟೆಯ ಕೆಂಪು ದೂಳನ್ನು ಜಾಡಿಸದೆ ಹಾಗೇ ಮಾಳಿಗೆಗೆ ಹೋಗಿ ಬುತ್ತಿ ತೆಗೆದುಕೊಂಡಳು. ಆಫೀಸಿನ ಎಲ್ಲರೂ ಕಿಟಕಿಯ ಹತ್ತಿರ ನಿಂತಿದ್ದರು. ಕೆಳಗಿನಿಂದ ಅವ್ವನ ದನಿ ಇಡೀ ಅಂಗಳ ದಾಟಿ ಬಂತು: ‘ಮಹೇಶೀ! ರೊಟ್ಟಿ ತಿನ್ನೂ ಹೊತ್ತಾತು, ಬಾ ಲಗೂ!’

ಅವಳು ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದಳು. ‘ಬಂದೆ ಯವ್ವಾ!’ ಎಂದು, ಗೇಟಿನಾಚೆಯ ರಸ್ತೆಗೂ ಕೇಳುವ ಹಾಗೆ, ಎದೆ ತುಂಬ ಕೂಗಿದಳು.